ಇರುಳಿಗರ ಕಾಲೋನಿಯ ದೊಡ್ಡವ್ವ

ಆಕೆಯ ಹೆಸರು ರೇಷನ್ ಕಾರ್ಡಿನಲ್ಲಿ ಒಂದು ಥರ, ಮತದಾರರ ಚೀಟಿಯಲ್ಲಿ ಇನ್ನೊಂದು ಥರ, ಆಧಾರಿನಲ್ಲಿ ಮತ್ತೊಂದು ಥರ ಇತ್ತು. ಸರಿಮಾಡಿಸಿ ಕೊಡುತ್ತೇನೆಂದು ನಾನೇ ಎಷ್ಟೋ ಸಲ ಅರ್ಜಿ ಬರೆದೆ. ಪ್ರತಿ ಅರ್ಜಿಯ ನಂತರ ಹೆಸರು ಇನ್ನಷ್ಟು ಕೆಟ್ಟುಹೋಯಿತೇ ಹೊರತು ಸರಿಹೋಗಲಿಲ್ಲ. ಈಗ ಇಲ್ಲಿ ಮತ್ತೊಮ್ಮೆ ಬರೆದು ಕೆಡಿಸುವುದು ಬೇಡ. ಕಾಲೋನಿಯವರೆಲ್ಲ ಆಕೆಯನ್ನು ದೊಡ್ಡವ್ವ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ.

ಕಳೆದ ತಿಂಗಳು ಬಂಗಾರಪೇಟೆ ಸಂತೆಯಲ್ಲಿ ಆಕೆಯ ಸೊಸೆ ಈಚಲ ಪೊರಕೆ ಮಾರುತ್ತ ಕೂತಿದ್ದಳು. ನನ್ನನ್ನು ನೋಡಿ ಎದ್ದು ನಿಂತಳು. "ದೊಡ್ಡವ್ವ ಹೇಗಿದ್ದಾರಮ್ಮ?" ಎಂದೆ.

"ಓಗ್ಬುಟ್ರು ಸಾಮಿ, ಆಷಾಡದಾಗೆ. ನಿಮ್ಗೆ ಯಾರೂ ಏಳ್ಲಿಲ್ವಾ?"

ಯಾರೂ ಹೇಳಿರಲಿಲ್ಲ. ನಿವೃತ್ತನಾದ ಮೇಲೆ ಆ ಕಡೆಯ ಬಸ್ಸು ಹತ್ತಿದ್ದೇ ಕಡಿಮೆ. ಜ್ವರ ಬಂದು ಮೂರು ದಿನ ಮಲಗಿದ್ದರಂತೆ, ನಾಲ್ಕನೆಯ ದಿನ ಬೆಳಿಗ್ಗೆ ಗಂಜಿ ಕುಡಿದು ಬಿಸಿಲಿಗೆ ಬಂದು ಕೂತವರು ಕೂತಲ್ಲೇ ಹೋದರಂತೆ. ಎಲ್ಲಿ ಮಣ್ಣು ಮಾಡಿದಿರಿ ಎಂದು ಕೇಳಿದೆ. "ಇನ್ನೆಲ್ಲಿ? ನಮ್ ಜಾಗದಾಗೆ," ಎಂದಳು ಸೊಸೆ. ಹಾಗೆ ಹೇಳುವಾಗ ಅವಳ ದನಿಯಲ್ಲಿ ದುಃಖದ ಜೊತೆ ಸ್ವಲ್ಪ ಗತ್ತೂ ಇತ್ತು. ಆ ಗತ್ತು ಎಲ್ಲಿಂದ ಬಂತು ಎನ್ನುವುದನ್ನು ಹೇಳಬೇಕಾದರೆ ದೊಡ್ಡವ್ವನ ಕಥೆ ಹೇಳಬೇಕು. ನನ್ನದೂ ಸ್ವಲ್ಪ ಹೇಳಬೇಕು. ನನ್ನದು ಅಷ್ಟು ಚೆನ್ನಾಗಿಲ್ಲ.

ನಾನು ಹುಟ್ಟಿ ಬೆಳೆದದ್ದು ಕೆಜಿಎಫ್‌ನ ನಂದಿದುರ್ಗ ಗಣಿಯ ಕೂಲಿ ಲೈನಿನಲ್ಲಿ. ಅಪ್ಪ ಚಿನ್ನದ ಗಣಿಗೆ ಇಳಿಯುತ್ತಿದ್ದವರು. ಮನೆಯೊಳಗೆ ತಮಿಳು, ಸ್ಕೂಲಿನಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು. ಅಪ್ಪ ಗಣಿಯ ಧೂಳಿಗೆ ಶ್ವಾಸಕೋಶ ಕೊಟ್ಟು ಹೋದರು, ಕೆಲವು ವರ್ಷಗಳಲ್ಲಿ ಗಣಿಯೂ ನಿಂತಿತು. ನನಗೆ ಕಾಮಸಮುದ್ರ ಹೋಬಳಿಯ ಒಂದು ಗ್ರಾಮ ಪಂಚಾಯಿತಿಯಲ್ಲಿ ಗುಮಾಸ್ತನ ಕೆಲಸ ಸಿಕ್ಕಿತು. ಆಮೇಲೆ ಅಲ್ಲೇ ಕಾರ್ಯದರ್ಶಿಯಾದೆ. ದಿನಾ ಲೈನಿನಿಂದ ಬಸ್ಸಿನಲ್ಲಿ ಹೋಗುವುದು, ಬಸ್ಸಿನಲ್ಲಿ ಬರುವುದು. ಪಂಚಾಯಿತಿಯಿಂದ ಮೇಲಕ್ಕೆ, ಕಾಡಿನ ಅಂಚಿನಲ್ಲಿ ಇರುಳಿಗರ ಕಾಲೋನಿ ಇತ್ತು. ಇಪ್ಪತ್ತು ಮೀರದ ಮನೆಗಳು. ತಲೆಮಾರುಗಳಿಂದ ಜೇನು ಇಳಿಸಿ, ಗೆಣಸು ಅಗೆದು, ಈಚಲ ಗರಿ ಕೊಯ್ದು ಪೊರಕೆ ಕಟ್ಟಿ, ಗುಡ್ಡದ ಇಳಿಜಾರಿನಲ್ಲಿ ಒಂದಿಷ್ಟು ರಾಗಿ, ಹುರುಳಿ ಚೆಲ್ಲಿ ಬದುಕುತ್ತಿದ್ದ ಬುಡಕಟ್ಟಿನ ಜನ.

ದೊಡ್ಡವ್ವನನ್ನು ಮೊದಲು ನೋಡಿದ್ದು ನ್ಯಾಯಬೆಲೆ ಅಂಗಡಿಯ ಮುಂದೆ. ಪಂಚಾಯಿತಿಯ ಪಕ್ಕದ ಕಟ್ಟಡ ಅದು. ಹೆಬ್ಬೆಟ್ಟು ಒತ್ತಿದರೆ ಅಕ್ಕಿ ಕೊಡುವ ಯಂತ್ರ ಹೊಸದಾಗಿ ಬಂದಿತ್ತು. ಗೆಣಸು ಅಗೆದು ಅಗೆದು ಆಕೆಯ ಬೆರಳಿನ ಗೆರೆಗಳೆಲ್ಲ ಸವೆದು ನುಣ್ಣಗಾಗಿದ್ದವು. ಯಂತ್ರ ಹತ್ತು ಬೆರಳನ್ನೂ ಒಪ್ಪಲಿಲ್ಲ. ಅಂಗಡಿಯವನು, "ನೀನಲ್ಲ ಅಂತ ತೋರಿಸ್ತಿದೆ ಅಜ್ಜಿ" ಎಂದ. ಸಣ್ಣ ದೇಹ, ಬಿಗಿದು ಕಟ್ಟಿದ ತುರುಬು, ಮೊಣಕಾಲಿನವರೆಗೆ ಎತ್ತಿ ಸಿಕ್ಕಿಸಿದ ಸೀರೆ. ಆಕೆ ಯಂತ್ರವನ್ನು ಒಂದು ಸಲ, ಅಂಗಡಿಯವನನ್ನು ಒಂದು ಸಲ ನೋಡಿದಳು.

"ನಾನಲ್ಲ ಅಂದ್ರೆ ಇಲ್ಲಿ ನಿಂತಿರೋಳು ಯಾರಪ್ಪಾ? ಅವ್ಳಿಗೆ ಕೊಡು ಅಕ್ಕಿ. ನಾನು ಆಮೇಕೆ ಬತ್ತೀನಿ."

ಗಲಾಟೆ ಕೇಳಿ ಹೊರಬಂದ ನಾನು ನಕ್ಕುಬಿಟ್ಟೆ. ಬೆರಳು ಬೀಳದವರಿಗೆ ರಿಜಿಸ್ಟರಿನಲ್ಲಿ ಬರೆದುಕೊಂಡು ಕೊಡಬಹುದೆಂಬ ಆದೇಶ ಇತ್ತು. ಅದನ್ನು ಹುಡುಕಿ ತೆಗೆದು ಅಂಗಡಿಯವನಿಗೆ ತೋರಿಸಿದೆ. ದೊಡ್ಡವ್ವ ಅಕ್ಕಿಯ ಚೀಲ ಸೊಂಟಕ್ಕೇರಿಸಿ, ನನ್ನ ಮುಖ ನೋಡಲಿಲ್ಲ, ಪಾದ ನೋಡಿದಳು. ಅದು ಆಕೆಯ ಅಭ್ಯಾಸ. ಯಾರೇ ಹೊಸಬರು ಬಂದರೂ ಮೊದಲು ಅವರ ಚಪ್ಪಲಿ ನೋಡುತ್ತಿದ್ದಳು. ಎಲ್ಲಿಂದ ಬಂದರು, ನಡೆದು ಬಂದರೋ ಜೀಪಿನಲ್ಲಿ ಬಂದರೋ, ಇನ್ನೆಷ್ಟು ದೂರ ನಡೆಯಬಲ್ಲರು ಎಲ್ಲವೂ ಆಕೆಗೆ ಅಲ್ಲೇ ತಿಳಿಯುತ್ತಿತ್ತು. ನನ್ನ ಚಪ್ಪಲಿ ಸ್ವಚ್ಛವಾಗಿತ್ತು. "ಕ್ಲಾರ್ಕಪ್ಪಾ, ಮೇಲಕ್ಕೆ ಬಂದೇ ಇಲ್ಲ ನೀನು," ಎಂದಳು. ಹೌದು, ಬಂದಿರಲಿಲ್ಲ.

ಆಕೆ ಎಲ್ಲರನ್ನೂ ಅವರವರ ಕೆಲಸದಿಂದಲೇ ಕರೆಯುತ್ತಿದ್ದಳು. ನಾನು ಕಾರ್ಯದರ್ಶಿಯಾದ ಮೇಲೂ ಕ್ಲಾರ್ಕಪ್ಪನೇ. ಫಾರೆಸ್ಟ್ ಗಾರ್ಡು ಗಾರ್ಡಪ್ಪ. ಆರೋಗ್ಯ ಕೇಂದ್ರದ ನರ್ಸಮ್ಮ ಸೂಜಿಯಮ್ಮ. ಒಮ್ಮೆ ಕಾಲೋನಿಗೆ ಬಂದ ಶಾಸಕರೊಬ್ಬರನ್ನು "ಕೈ ಮುಗಿಯೋ ಅಪ್ಪ" ಎಂದು ಕರೆದಾಗ ಅವರ ಹಿಂಬಾಲಕರ ಮುಖ ಕಪ್ಪಾಗಿತ್ತು. ಶಾಸಕರು ಮಾತ್ರ ಜೋರಾಗಿ ನಕ್ಕಿದ್ದರು. ಪಂಚಾಯಿತಿಗೆ ಬಂದರೆ ಕುರ್ಚಿಯ ಮೇಲೆ ಕೂರುತ್ತಿರಲಿಲ್ಲ. ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ಕುಕ್ಕರುಗಾಲಿನಲ್ಲಿ ಕೂರುವಳು. ಅಲ್ಲಿ ಕೂತರೆ ಒಳಗೆ ಬರುವವರು, ಹೊರಗೆ ಹೋಗುವವರು ಎಲ್ಲರೂ ಆಕೆಯನ್ನು ದಾಟಿಯೇ ಹೋಗಬೇಕು. ಹೀಗಾಗಿ ಆಕೆಯ ಅರ್ಜಿ ಬೇಗ ವಿಲೇವಾರಿಯಾಗುತ್ತಿತ್ತು.

ಆಕೆಯ ಮೊಮ್ಮಗಳಿಗೆ ಹಾಸ್ಟೆಲ್ ಸೇರಲು ಜಾತಿ ಪ್ರಮಾಣಪತ್ರ ಬೇಕಾಯಿತು. ಅಪ್ಪನ ಶಾಲೆಯ ದಾಖಲೆ ತನ್ನಿ ಎಂದರು. ಅಪ್ಪ, ಅಂದರೆ ದೊಡ್ಡವ್ವನ ಮಗ, ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಹಾಗಾದರೆ ಸ್ಥಳ ಪರಿಶೀಲನೆ ಮಾಡಬೇಕೆಂದು ತಾಲ್ಲೂಕಿನಿಂದ ಒಬ್ಬ ಅಧಿಕಾರಿ ಬಂದರು. ಒಳ್ಳೆಯ ಮನುಷ್ಯರೇ. ಆದರೆ ಕೈಯಲ್ಲೊಂದು ಪ್ರಶ್ನೆಗಳ ಪಟ್ಟಿ. ನಾನೂ ಜೊತೆಗಿದ್ದೆ. ಮರದ ನೆರಳಿನಲ್ಲಿ ಕುರ್ಚಿ ಹಾಕಿಸಿಕೊಂಡು ಅವರು ಕೇಳಿದರು, "ನಿಮ್ಮ ಜನಾಂಗದ ಕುಣಿತ ಇದೆಯಂತಲ್ಲ, ಸ್ವಲ್ಪ ಕುಣಿದು ತೋರಿಸಿ."

ಕಾಲೋನಿಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದೊಡ್ಡವ್ವ ಮುಂದೆ ಬಂದಳು.

"ಯಾರಾನ ಸತ್ರೆ ಕುಣೀತೀವಿ ಸಾಮಿ. ಈವತ್ತು ಯಾರೂ ಸತ್ತಿಲ್ಲ. ನಿಮ್ಗೆ ಅವಸ್ರ ಇದ್ರೆ ಏನ್ ಮಾಡಾನ?"

ಅಧಿಕಾರಿ ಕೆಮ್ಮಿ ಮುಂದಿನ ಪ್ರಶ್ನೆಗೆ ಹೋದರು. "ಏನು ಊಟ ಮಾಡ್ತೀರಿ?"

"ರೇಷನ್ ಅಕ್ಕಿ, ರಾಗಿ ಮುದ್ದೆ."

"ಕಾಡುಗೆಣಸು ತಿನ್ನಲ್ವಾ? ಇರುಳಿಗರು ಅಂದ್ರೆ ಗೆಣಸು ತಿನ್ತಾರೆ ಅಂತ ಬರೆದಿದೆ ಇಲ್ಲಿ."

"ತಿಂತಿದ್ವಿ. ಅಗೆಯಾಕೆ ಓದ್ರೆ ಗಾರ್ಡಪ್ಪ ಗುದ್ಲಿ ಕಿತ್ಕಂತಾನೆ. ಗೆಣಸು ತಿಂದ್ರೆ ಕಳ್ರು, ಅಕ್ಕಿ ತಿಂದ್ರೆ ಇರುಳಿಗರಲ್ಲ. ಯಾವ್ದು ತಿನ್ಲಿ, ನೀವೇ ಏಳ್ಬುಡಿ ಸಾಮಿ."

ಅಧಿಕಾರಿ ಪಟ್ಟಿಯನ್ನು ಮಡಿಸಿ ಜೇಬಿಗಿಟ್ಟುಕೊಂಡರು. ಪ್ರಮಾಣಪತ್ರ ಬಂತು. ಆದರೆ ಕಡತ ಮೇಜಿನಿಂದ ಮೇಜಿಗೆ ನಡೆದು ಬರುವಷ್ಟರಲ್ಲಿ ಹಾಸ್ಟೆಲಿನ ಬಾಗಿಲು ಮುಚ್ಚಿತ್ತು. ಹುಡುಗಿ ಒಂದು ವರ್ಷ ಮನೆಯಲ್ಲಿ ಪೊರಕೆ ಕಟ್ಟಿದಳು. ಇದನ್ನು ದೊಡ್ಡವ್ವ ಯಾವತ್ತೂ ತಮಾಷೆ ಮಾಡಲಿಲ್ಲ. "ಒಂದ್ ವರ್ಸ ಓದ್ರೆ ಓಯ್ತು ಅಂತೀರಿ ನೀವು. ನಮ್ ಎಣ್ ಮಕ್ಳಿಗೆ ಆ ಒಂದ್ ವರ್ಸದಾಗೇ ಮದ್ವೆ ಆಗೋಗ್ತದೆ," ಎಂದಿದ್ದಳು. ಮೊಮ್ಮಗಳಿಗೆ ಆಗಲಿಲ್ಲ. ಅಜ್ಜಿ ಆಗಗೊಡಲಿಲ್ಲ. ಮರುವರ್ಷ ತಾನೇ ಕೈಹಿಡಿದು ಹಾಸ್ಟೆಲಿಗೆ ಬಿಟ್ಟು ಬಂದಳು.

ಆಕೆ ಅರಣ್ಯ ಹಕ್ಕು ಸಮಿತಿಯ ಅಧ್ಯಕ್ಷೆಯಾದದ್ದೂ ಒಂದು ಪ್ರಸಂಗವೇ. ಕಾಡಿನಲ್ಲಿ ತಲೆತಲಾಂತರದಿಂದ ಇರುವವರಿಗೆ ಅವರು ಉಳುವ ನೆಲದ ಮೇಲೆ, ಬಳಸುವ ಕಾಡಿನ ಮೇಲೆ ಹಕ್ಕು ಕೊಡುವ ಕಾಯ್ದೆ ಬಂದು ಬಹಳ ವರ್ಷವಾಗಿತ್ತು. ನಮ್ಮಲ್ಲಿ ಅದರ ಗಾಳಿ ಬೀಸಿದ್ದು ತಡವಾಗಿ. ಗ್ರಾಮಸಭೆ ಕರೆದು ಸಮಿತಿ ಮಾಡಬೇಕು, ಅದರಲ್ಲಿ ಹೆಂಗಸರೂ ಇರಬೇಕು ಎಂದು ಆದೇಶ ಬಂತು. ಕಾಲೋನಿಯಲ್ಲೇ ಸಭೆ ಸೇರಿತು. ಯಾರು ಅಧ್ಯಕ್ಷರಾಗುತ್ತೀರಿ ಎಂದರೆ ಗಂಡಸರೆಲ್ಲ ನೆಲ ಕೆರೆಯತೊಡಗಿದರು. ದೊಡ್ಡವ್ವ ಸಭೆಗೆ ಬಂದದ್ದು ನಲ್ಲಿಯಲ್ಲಿ ನೀರು ಬರುತ್ತಿಲ್ಲ ಎಂದು ಜಗಳವಾಡಲು.

"ಅಧ್ಯಕ್ಸರು ಆದ್ರೆ ಏನ್ ಮಾಡ್ಬೇಕು?" ಎಂದು ಕೇಳಿದಳು.

"ದೊಡ್ಡ ಆಫೀಸರ ಜೊತೆ ಮಾತಾಡಬೇಕು ದೊಡ್ಡವ್ವ."

"ಅಷ್ಟೇನಾ? ಅದು ನಂಗೆ ರೂಢಿ ಐತೆ. ಬರ್ಕೋ."

ಬರೆದುಕೊಂಡೆ. ಪ್ರತಿ ಮನೆಯವರೂ ತಾವು ಉಳುವ ಹೊಲಕ್ಕೆ ಅರ್ಜಿ ಹಾಕಿದರು. ಅದರ ಜೊತೆಗೆ ಇಡೀ ಕಾಲೋನಿಯ ಹೆಸರಿನಲ್ಲಿ ಇನ್ನೊಂದು ಅರ್ಜಿ ಹೋಯಿತು, ಹೆಜ್ಜೇನು ಕಟ್ಟುವ ಬಂಡೆಗೆ ಮತ್ತು ಸತ್ತವರನ್ನು ಹೂಳುವ ಜಾಗಕ್ಕೆ. ದೊಡ್ಡವ್ವನ ಜೀವವೆಲ್ಲ ಆ ಎರಡನೆಯ ಅರ್ಜಿಯಲ್ಲೇ ಇತ್ತು. ಏಕೆಂದರೆ ಹೂಳುವ ಜಾಗದಲ್ಲಿ ಅರಣ್ಯ ಇಲಾಖೆಯವರು ಗಿಡ ನೆಡಲು ಗುಂಡಿಗಳ ಗುರುತು ಹಾಕಿದ್ದರು. ಆಕೆಯ ಗಂಡನ ತಲೆಯ ಹತ್ತಿರ ನಿಲ್ಲಿಸಿದ ಕಲ್ಲಿನ ಮೇಲೂ ಸುಣ್ಣದ ಗುರುತು ಬಿದ್ದಿತ್ತು. ಹಾಕಿದವನಿಗೆ ಅದು ಬರೀ ಕಲ್ಲು. ಆ ದಿನದಿಂದ ಆಕೆ ಬೆಳಿಗ್ಗೆ ಅಲ್ಲಿ ಹೋಗಿ ಕೂತು, ಹೊತ್ತು ಮುಳುಗುವಾಗ ಎದ್ದು ಬರುವಳು. ಪೊರಕೆಯನ್ನೂ ಅಲ್ಲೇ ಕಟ್ಟುವಳು. ಗುಂಡಿ ತೋಡಲು ಬಂದ ಆಳುಗಳಿಗೆ ನೀರು ಕೊಟ್ಟು, "ಇಲ್ಲಿ ನನ್ ಗಂಡ ಮಲಗವ್ನೆ, ಪಕ್ಕದಾಗೆ ನನ್ ಎಲ್ಡು ಕೂಸು. ಎಲ್ಲಿ ತೋಡ್ತೀರೋ ನೋಡ್ಕಂಡ್ ತೋಡಿ," ಎನ್ನುವಳು. ಆಳುಗಳು ನೀರು ಕುಡಿದು ವಾಪಸು ಹೋಗುವರು.

ವರ್ಷ ಕಳೆದ ಮೇಲೆ ಉತ್ತರ ಬಂತು. ಅರ್ಜಿಗಳೆಲ್ಲ ತಿರಸ್ಕೃತ. ಓದಿ ಹೇಳಬೇಕಾದವನು ನಾನು. ಕಾಲೋನಿಯವರೆಲ್ಲ ಸುತ್ತ ಕೂತಿದ್ದರು. "ಸಾಕಷ್ಟು ಸಾಕ್ಷ್ಯ ಒದಗಿಸಿಲ್ಲವಾದ್ದರಿಂದ ಅರ್ಜಿಗಳನ್ನು ತಿರಸ್ಕರಿಸಲಾಗಿದೆ," ಎಂದು ಓದಿ ಕಾಗದ ಮಡಿಸಲು ಹೋದೆ.

"ತಾಳು," ಎಂದಳು ದೊಡ್ಡವ್ವ. "ಕಾಗ್ದಾಗೆ ಇನ್ನೂ ಐತೆ. ನಿನ್ ಬೆಳ್ಳು ಅಲ್ಲೇ ನಿಂತ್ಕಂಡೈತೆ."

ಅಕ್ಷರ ಬಾರದ ಆಕೆ ನನ್ನ ಬೆರಳನ್ನೇ ನೋಡುತ್ತಿದ್ದಳು. ಆ ಸಾಲು ನನಗೆ ಬೆಳಿಗ್ಗೆಯೇ ಗೊತ್ತಿತ್ತು, ಬಸ್ಸಿನಲ್ಲಿ ಓದಿದ್ದೆ. ಬೇರೆ ದಾರಿ ಕಾಣದೆ ಓದಿದೆ: "ಪಂಚಾಯಿತಿಯೇ ಈ ಹಿಂದೆ ಸಲ್ಲಿಸಿರುವ ವರದಿಯ ಪ್ರಕಾರ, ಸದರಿ ವ್ಯಾಪ್ತಿಯಲ್ಲಿ ಅರಣ್ಯವಾಸಿ ಬುಡಕಟ್ಟು ಕುಟುಂಬಗಳು ಇರುವುದಿಲ್ಲ."

ದೊಡ್ಡವ್ವನ ಮಗ, "ಯಾವನ್ ಬರ್ದಿದ್ದು ಅದು?" ಎಂದ.

"ನಾನು," ಎಂದೆ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಮೇಲಿನಿಂದ ಒಂದು ನಮೂನೆ ಬಂದಿತ್ತು. ನಿಮ್ಮಲ್ಲಿ ಅರಣ್ಯವಾಸಿಗಳು ಇದ್ದರೆ ಹತ್ತಾರು ಕಾಲಂ ತುಂಬಬೇಕು, ಮನೆಮನೆಗೆ ಹೋಗಿ ಬರೆದು ತರಬೇಕು. ಇಲ್ಲವೆಂದರೆ ಒಂದೇ ಸಾಲು. ಸಂಜೆಯ ಬಸ್ಸು ತಪ್ಪಿಹೋಗುತ್ತದೆಂದು ಆ ಒಂದು ಸಾಲು ಬರೆದು, ಸಹಿ ಹಾಕಿಸಿ, ಟಪಾಲಿಗೆ ಕೊಟ್ಟು ಹೋಗಿದ್ದೆ. ಬಸ್ಸು ಸಿಕ್ಕಿತ್ತು. ಆ ಸಾಲನ್ನು ಅಂದೇ ಮರೆತಿದ್ದೆ.

ಮಗ ಎದ್ದು ನನ್ನ ಮೇಲೆ ಬಂದ. ದೊಡ್ಡವ್ವ ಅವನ ಪಂಚೆಯ ತುದಿ ಹಿಡಿದು ಎಳೆದು ಕೂರಿಸಿದಳು. ನನ್ನನ್ನು ಬಹಳ ಹೊತ್ತು ನೋಡಿದಳು. ಈ ಸಲ ಪಾದವನ್ನಲ್ಲ, ಮುಖವನ್ನು.

"ಬೇಕಂತ ಬರ್ದ್ಯಾ?"

"ಇಲ್ಲ ದೊಡ್ಡವ್ವ. ಯೋಚನೇನೇ ಮಾಡ್ಲಿಲ್ಲ."

"ಬೇಕಂತ ಬರ್ದಿದ್ರೆ ವಾಸಿ ಇತ್ತು. ನಾವು ಇದೀವಿ ಅಂತಾದ್ರೂ ನಿಂಗೆ ಗೊತ್ತಿರ್ತಿತ್ತು."

ಆಕೆ ಕೂಗಾಡಿದ್ದರೆ ತಡೆದುಕೊಳ್ಳುತ್ತಿದ್ದೆನೋ ಏನೋ. ಈ ಮಾತನ್ನು ಇವತ್ತಿಗೂ ನನಗೆ ಸರಿಯಾಗಿ ತಡೆದುಕೊಳ್ಳಲಾಗಿಲ್ಲ. ಎದ್ದು ಹೊರಟೆ. ಹಿಂದಿನಿಂದ ಆಕೆಯೇ ಕರೆದಳು. "ನಾಳೀಕೆ ಬಾ. ಗಟ್ಟಿ ಚಪ್ಪಲಿ ಆಕ್ಕಂಡ್ ಬಾ. ಬುತ್ತಿ ನಾನು ತತ್ತೀನಿ."

ಆ ಸಂಜೆ ಕಾಯ್ದೆಯ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಅಷ್ಟು ವರ್ಷ ಕಪಾಟಿನಲ್ಲೇ ಇತ್ತು. ಕಾಗದಪತ್ರ ಮಾತ್ರವಲ್ಲ, ಸಮಾಧಿಗಳು, ಪೂಜೆಯ ಸ್ಥಳಗಳು, ಹಳೆಯ ಗುರುತುಗಳು, ಹಿರಿಯರ ಹೇಳಿಕೆ, ಇವೆಲ್ಲವೂ ಸಾಕ್ಷ್ಯವೇ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ಓದದವರು ಅವರಲ್ಲ, ನಾನು.

ಮಾರನೆಯ ದಿನ ನಡೆದೆವು. ದೊಡ್ಡವ್ವ ಮುಂದೆ, ನಾನು ಹಿಂದೆ, ನಮ್ಮ ಹಿಂದೆ ಗಾರ್ಡಪ್ಪ. ಈ ಗಾರ್ಡು ಬೇರೆ ಜಿಲ್ಲೆಯಿಂದ ಬಂದ ಹುಡುಗ. ಆನೆಯೆಂದರೆ ಅವನಿಗೆ ಪ್ರಾಣಭಯ. ತಮಿಳುನಾಡಿನ ಕಡೆಯಿಂದ ಆನೆಗಳು ಬಂದಾಗ ಗಾಳಿಯಲ್ಲಿ ವಾಸನೆ ಹಿಡಿಯುವುದನ್ನು ಅವನಿಗೆ ಕಲಿಸಿದವಳು ದೊಡ್ಡವ್ವನೇ. ಆಕೆಯ ಗುದ್ದಲಿ ಕಿತ್ತುಕೊಂಡವನೂ ಅವನೇ. ಇಬ್ಬರಿಗೂ ಇದರಲ್ಲಿ ವಿಚಿತ್ರವೇನೂ ಕಾಣುತ್ತಿರಲಿಲ್ಲ. "ಅವನ್ ಕೆಲ್ಸ ಅವ್ನು ಮಾಡ್ತಾನೆ. ಅಂಗಂತ ಆನೆ ಕೈಗೆ ಕೊಡಾಕಾಯ್ತದಾ?" ಎನ್ನುತ್ತಿದ್ದಳು.

ಜೇನುಬಂಡೆಯ ನೆತ್ತಿಯಲ್ಲಿ ಹಗ್ಗ ಉಜ್ಜಿ ಉಜ್ಜಿ ಕಲ್ಲಿನಲ್ಲಿ ಬೆರಳು ಮುಳುಗುವಷ್ಟು ಆಳದ ಗೀರುಗಳಾಗಿದ್ದವು. ನಾರಿನ ಹಗ್ಗಕ್ಕೆ ಕಲ್ಲು ಸವೆಯಬೇಕಾದರೆ ಎಷ್ಟು ತಲೆಮಾರು ಇಳಿದಿರಬೇಕು! ತೊರೆಯ ಪಕ್ಕದ ಹಾಸುಬಂಡೆಯಲ್ಲಿ ಧಾನ್ಯ ಕುಟ್ಟಿದ ಗುಳಿಗಳಿದ್ದವು. ಒಂದು ಗುಳಿ ತನ್ನ ಅಜ್ಜಿಯದು ಎಂದಳು. ಕೊನೆಗೆ ಹೂಳುವ ಜಾಗ. ಸಾಲುಸಾಲು ನಿಲುಗಲ್ಲು. ಒಂದೊಂದು ಕಲ್ಲಿನ ಮೇಲೂ ಕೈಯಿಟ್ಟು ಹೆಸರು ಹೇಳುತ್ತ ಹೋದಳು. ಯಾರ ಮಗ, ಯಾರ ಗಂಡ, ಏನಾಗಿ ಸತ್ತರು ಎಲ್ಲವನ್ನೂ. ನಾನು ಬರೆದುಕೊಳ್ಳುತ್ತ ಹೋದೆ. ಎರಡು ಪುಟ್ಟ ಕಲ್ಲುಗಳ ಹತ್ತಿರ ಬಂದಾಗ, "ಇವುಕ್ಕೆ ಎಸ್ರು ಇಕ್ಕಿರ್ಲಿಲ್ಲ. ಅಂಗೇ ಬರ್ಕೋ," ಎಂದಳು. ಹಾಗೇ ಬರೆದುಕೊಂಡೆ.

ಬುತ್ತಿಯಲ್ಲಿ ಮುದ್ದೆ, ಹುರುಳಿ ಸಾರು. ಮೂವರೂ ತಿಂದೆವು. ಗಾರ್ಡಪ್ಪ ಕೈ ತೊಳೆದುಕೊಂಡು ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದ, "ಸರ್, ನನ್ನ ಕೈಲಿ ಸಹಿ ಹಾಕಿಸಬೇಡಿ. ಆದರೆ ಯಾರಾದರೂ ಕೇಳಿದರೆ ನಾನು ಸುಳ್ಳು ಹೇಳಲ್ಲ."

ಇಳಿದು ಬರುವಾಗ ದೊಡ್ಡವ್ವ ನನಗೆ ಹೇಳಿದಳು: "ನೀನೇ ಬರ್ದಿದ್ದು, ನೀನೇ ಅಳ್ಸು."

ಮೇಲ್ಮನವಿಯ ವಿಚಾರಣೆ ಬಂಗಾರಪೇಟೆಯಲ್ಲಿ ನಡೆಯಿತು. ನನ್ನ ನಿವೃತ್ತಿಗೆ ಹೆಚ್ಚು ಕಾಲ ಉಳಿದಿರಲಿಲ್ಲ. ಹಿಂದಿನ ದಿನ ಸಹೋದ್ಯೋಗಿಯೊಬ್ಬರು, "ಹಳೇ ವರದಿಯಲ್ಲಿ ಕಣ್ತಪ್ಪು ಆಗಿರಬಹುದು ಅಂತ ಹೇಳಿ ಸಾಕು, ನಾನೇ ಬರೆದೆ ಅಂತ ಯಾಕೆ ಹೇಳ್ತೀರಿ?" ಎಂದಿದ್ದರು. ರೈಲಿನಲ್ಲಿ ಬರುತ್ತ ಅದೇ ಸರಿ ಎಂದು ನಾನೂ ತೀರ್ಮಾನಿಸಿದ್ದೆ. ಕಣ್ತಪ್ಪು. ಎಷ್ಟು ಮೆತ್ತಗಿನ ಮಾತು.

ಉಪವಿಭಾಗಾಧಿಕಾರಿ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕಡತ ತೆರೆದು, "ಇಲ್ಲಿ ಪಂಚಾಯಿತಿಯವರೇ ಯಾರೂ ಇಲ್ಲ ಅಂತ ಬರೆದಿದ್ದಾರಲ್ಲ?" ಎಂದರು.

ದೊಡ್ಡವ್ವ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನೋಡಿದ್ದರೆ ನನಗೆ ಹಟ ಬರುತ್ತಿತ್ತೇನೋ. ನಾನು ಎದ್ದು ನಿಂತೆ.

"ಮೇಡಂ, ಆ ವರದಿ ನಾನು ಬರೆದದ್ದು. ಅಲ್ಲಿಗೆ ಹೋಗದೆ, ನೋಡದೆ ಬರೆದೆ. ಅದು ತಪ್ಪು ವರದಿ. ಅಲ್ಲಿ ಜನ ಇದ್ದಾರೆ. ನಾನು ಹುಟ್ಟುವ ಎಷ್ಟೋ ಮೊದಲಿನಿಂದ ಇದ್ದಾರೆ."

"ಇದನ್ನ ಲಿಖಿತವಾಗಿ ಕೊಡ್ತೀರಾ?"

"ಕೊಡ್ತೀನಿ."

ಅಲ್ಲೇ ಕೂತು ಬರೆದುಕೊಟ್ಟೆ. ಅರಣ್ಯ ಇಲಾಖೆಯ ಕಡೆಯಿಂದ ಮೇಲಧಿಕಾರಿಯ ಜೊತೆ ಬಂದಿದ್ದ ಗಾರ್ಡಪ್ಪನನ್ನು ಕೇಳಿದರು. ಅವನು ತನ್ನ ಮೇಲಧಿಕಾರಿಯ ಮುಖ ನೋಡದೆ, ಕಿಟಕಿಯನ್ನು ನೋಡುತ್ತ, "ಸಮಾಧಿ ಇವೆ ಮೇಡಂ. ಹಳೇವು," ಎಂದ. ಆಗ ದೊಡ್ಡವ್ವ ಎದ್ದಳು.

"ಆಫೀಸರಮ್ಮಾ, ಅವ್ನು ನೋಡ್ದೆ ಬರ್ದ, ತಪ್ಪಾಯ್ತು. ನೀನೂ ನೋಡ್ದೆ ಬರೀಬ್ಯಾಡ. ಒಂದ್ ಸಲ ಬಾ. ಮುದ್ದೆ ಮಾಡ್ತೀನಿ."

ಕೋಣೆಯಲ್ಲಿ ಸಣ್ಣ ನಗು ಹರಿಯಿತು. ಅಧಿಕಾರಿಣಿ ನಗಲಿಲ್ಲ, ಡೈರಿ ತೆಗೆದು ದಿನ ಗುರುತು ಹಾಕಿಕೊಂಡರು. ಹೇಳಿದ ದಿನ ಬಂದರು. ಜೇನುಬಂಡೆಯ ನೆತ್ತಿಯವರೆಗೂ ಹತ್ತಿದರು, ಗೀರಿನಲ್ಲಿ ಬೆರಳಿಟ್ಟು ನೋಡಿದರು. ಮುದ್ದೆ ನುಂಗಲು ಬಾರದೆ ಅಗಿದು ತಿಂದರು. ದೊಡ್ಡವ್ವನಿಗೆ ಅದೊಂದೇ ಅಸಮಾಧಾನ.

ಎಲ್ಲವೂ ಸಿಕ್ಕಿತೆಂದು ಹೇಳಲಾರೆ. ಹೊಲದ ಹಕ್ಕುಪತ್ರ ಬಹಳ ಮನೆಗಳಿಗೆ ಬಂತು, ಆದರೆ ಉಳುತ್ತಿದ್ದಷ್ಟಕ್ಕೆ ಬರಲಿಲ್ಲ. ಎರಡು ಮನೆಯವರ ಅರ್ಜಿ ಮತ್ತೆ ತಿರಸ್ಕಾರವಾಗಿ ಅವರು ಈಗಲೂ ಅಲೆಯುತ್ತಿದ್ದಾರೆ. ಜೇನುಬಂಡೆ ಮತ್ತು ಹೂಳುವ ಜಾಗ ಮಾತ್ರ ಇಡೀ ಕಾಲೋನಿಯ ಹೆಸರಿಗೆ ಬಂದವು. ನನಗೆ ನೋಟೀಸು ಬಂತು. ವಿವರಣೆ ಕೊಟ್ಟೆ, ಸೇವಾ ಪುಸ್ತಕದಲ್ಲಿ ಒಂದು ಕೆಂಪು ಶರಾ ಬಿತ್ತು. ಅಷ್ಟು ವರ್ಷದಲ್ಲಿ ಅದರಲ್ಲಿ ಸತ್ಯವೆಂದು ನನಗನಿಸಿದ ಬರಹ ಅದೊಂದೇ.

ಹಕ್ಕುಪತ್ರ ಕೊಟ್ಟದ್ದು ಬಂಗಾರಪೇಟೆಯಲ್ಲಿ, ಒಂದು ಬೆಳಿಗ್ಗೆ. ಸಮಾರಂಭ ಮುಗಿದ ಮೇಲೆ ಕಾಲೋನಿಯವರೆಲ್ಲ ಟೆಂಪೊ ಹತ್ತಿದರು. ದೊಡ್ಡವ್ವ ಹತ್ತಲಿಲ್ಲ. ಕಾಗದವನ್ನು ಮಗನ ಕೈಗೆ ಕೊಟ್ಟು ನನ್ನ ಹತ್ತಿರ ಬಂದಳು. "ನೀನು ನಮ್ ಮನೆ, ನಮ್ ಗುಡ್ಡ, ನಮ್ ಸತ್ತೋರ್ನೆಲ್ಲ ನೋಡ್ದೆ. ನಾನು ನಿನ್ ಮನೆ ನೋಡಿಲ್ಲ. ನಡಿ."

ಬಸ್ಸಿನಲ್ಲಿ ಕೆಜಿಎಫ್‌ಗೆ ಕರೆದುಕೊಂಡು ಬಂದೆ. ದಾರಿಯಲ್ಲಿ ಗಣಿಮಣ್ಣಿನ ಬೂದು ಗುಡ್ಡಗಳನ್ನು ಕಂಡು, ಇದ್ಯಾವ ಗುಡ್ಡ, ಒಂದು ಗಿಡವೂ ಇಲ್ಲವಲ್ಲ ಎಂದು ಕೇಳಿದಳು. ನೆಲದೊಳಗಿಂದ ತೆಗೆದು ಹಾಕಿದ ಮಣ್ಣು, ನಮ್ಮಪ್ಪನಂಥವರು ತೆಗೆದದ್ದು ಎಂದೆ. ಆಕೆ ಬಸ್ಸು ತಿರುಗುವವರೆಗೂ ಕತ್ತು ಹೊರಳಿಸಿ ನೋಡುತ್ತಿದ್ದಳು.

ನಂದಿದುರ್ಗದ ನಮ್ಮ ಲೈನಿನ ಮನೆ ಎಂದರೆ ಒಂದು ಕೋಣೆ, ಒಂದು ಅಡುಗೆಮನೆ, ಮುಂದೆ ತಗಡಿನ ಮಾಡು. ನನ್ನ ಅಮ್ಮ ಬಾಗಿಲಲ್ಲೇ ಇದ್ದಳು. ಅಮ್ಮನಿಗೆ ಕನ್ನಡ ಅಷ್ಟಕ್ಕಷ್ಟೆ, ದೊಡ್ಡವ್ವನ ಮನೆಮಾತಿಗೂ ಅಮ್ಮನ ತಮಿಳಿಗೂ ಏನೋ ನಂಟು. ಐದು ನಿಮಿಷದಲ್ಲಿ ಇಬ್ಬರೂ ನನ್ನನ್ನು ಹೊರಗಿಟ್ಟು ಮಾತಿಗಿಳಿದರು. ಅಮ್ಮ ಅನ್ನ, ಹುಣಸೆಹುಳಿಯ ಕಾರಕೊಳಂಬು ಬಡಿಸಿದಳು. ಈ ಮನೆ ನಿಮ್ಮದೇನಾ ಎಂದು ದೊಡ್ಡವ್ವ ಕೇಳಿದಳು. ಇಷ್ಟು ವರ್ಷ ಇದ್ದೇವೆ, ಕಾಗದ ಮಾತ್ರ ನಮ್ಮ ಹೆಸರಿಗಿಲ್ಲ ಎಂದಳು ಅಮ್ಮ.

ದೊಡ್ಡವ್ವ ತುತ್ತು ನಿಲ್ಲಿಸಿ ತಲೆಯಾಡಿಸಿದಳು. "ನೀವು ನೆಲದ ಒಳೀಕೆ ಓದ್ರಿ. ನಾವು ನೆಲದ ಮ್ಯಾಲೆ ಉಳ್ಕಂಡ್ವಿ. ಈವತ್ತಿನ ಗಂಟ ಇಬ್ರಿಗೂ ನೆಲ ಸಿಗ್ಲಿಲ್ಲ ನೋಡವ್ವಾ."

ಅಮ್ಮ ನಕ್ಕಳು. ಇನ್ನೊಂದು ಸೌಟು ಕೊಳಂಬು ಹಾಕಿ, ಗದ್ದದಿಂದ ನನ್ನ ಕಡೆ ತೋರಿಸಿ ಕೇಳಿದಳು, "ನಮ್ ಪೈಯನ್ ನಿಮ್ಗೆ ಏನಾದ್ರೂ ಉಪಕಾರ ಮಾಡ್ದಾನಾ ಮಾ?"

ನನ್ನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಆ ಸಾಲಿನ ವಿಷಯ ಅಮ್ಮನಿಗೆ ಹೇಳಿರಲಿಲ್ಲ. ನೋಟೀಸು ಬಂದದ್ದನ್ನೂ ಹೇಳಿರಲಿಲ್ಲ. ದೊಡ್ಡವ್ವ ನನ್ನ ಕಡೆ ಒಂದು ಕ್ಷಣ ನೋಡಿ ಅಮ್ಮನ ಕಡೆ ತಿರುಗಿದಳು.

"ಮಾಡ್ದ. ನಮ್ ಜತೆ ಗುಡ್ಡ ಅತ್ತಿ ಇಳ್ದ. ನಮ್ ಸತ್ತೋರ್ ಎಸ್ರೆಲ್ಲ ಬರ್ಕಂಡ. ಆಫೀಸರಮ್ಮನ ಮುಂದೆ ನಿಂತ್ಕಂಡು ದಿಟ ಏಳ್ದ."

ಒಂದು ಮಾತೂ ಸುಳ್ಳಲ್ಲ. ಆದರೆ ಅಷ್ಟೇ ಹೇಳಿದಳು. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಇವರಪ್ಪ ಇದ್ದಿದ್ದರೆ ಎಂದೇನೋ ಅಂದಳು. ನಾನು ತಟ್ಟೆ ಎತ್ತಿಕೊಂಡು ಹೊರಗೆ ಹೋದೆ.

ಬಸ್ ಸ್ಟಾಂಡಿನವರೆಗೆ ಬಿಡಲು ಹೋದೆ. ಕಾಮಸಮುದ್ರದ ಬಸ್ಸು ನಿಂತಿತ್ತು. ತಡೆಯಲಾರದೆ ಕೇಳಿದೆ, "ದೊಡ್ಡವ್ವ, ಮೊದಲು ನಾನು ಬರೆದದ್ದನ್ನ ಯಾಕೆ ಹೇಳ್ಲಿಲ್ಲ?"

"ಅದು ನಿನ್ ಮಾತು ಕಣಪ್ಪ. ನಾನ್ಯಾಕೆ ಏಳ್ಲಿ?" ಎಂದು ಬಸ್ಸು ಹತ್ತಿದಳು. ಕಿಟಕಿಯ ಪಕ್ಕ ಕೂತಿದ್ದ ಇಬ್ಬರು ಕಾಲೇಜು ಹುಡುಗರನ್ನು ಸರಿಸಿ ತಾನು ಕೂತು, ನನ್ನ ಕಡೆ ಕೈ ಬೀಸಿದಳು.

ಮನೆಗೆ ಬಂದೆ. ಅಮ್ಮ ಪಾತ್ರೆ ತೊಳೆಯುತ್ತಿದ್ದಳು. ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದೆ. ನಮೂನೆ ಬಂದದ್ದು, ಬಸ್ಸಿಗೆ ಹೊತ್ತಾಯಿತೆಂದು ಒಂದು ಸಾಲು ಬರೆದದ್ದು, ಅದರಿಂದ ಆ ಜನರಿಗೆ ಏನಾಯಿತು ಎಂಬುದು, ಕೆಂಪು ಶರಾ, ಎಲ್ಲ. ಕೊನೆಗೆ ಅಮ್ಮ ಕೈ ಒರೆಸಿಕೊಂಡು ಕೇಳಿದಳು:

"ಇಷ್ಟೆಲ್ಲ ಗೊತ್ತಿದ್ದೂ ಅವ್ಳು ನಮ್ ಮನೇಲಿ ಉಂಡ್ಲಾ?"

"ಹೂಂ ಅಮ್ಮ."

ಅಮ್ಮ ತೊಳೆದ ತಟ್ಟೆಯನ್ನು ಗೋಡೆಗೆ ಒರಗಿಸಿಟ್ಟಳು. "ಬರೀ ಕೊಳಂಬಲ್ಲಿ ಕಳಿಸ್ಬಿಟ್ನಲ್ಲಾ ಅವಳ್ನ," ಎಂದಳು.

ಆಮೇಲೆ ದೊಡ್ಡವ್ವ ಎರಡು ಸಲ ನಮ್ಮ ಮನೆಗೆ ಬಂದಳು. ಎರಡು ಸಲವೂ ಅಮ್ಮ ಕೋಳಿ ಮಾಡಿದಳು.